ಮಗುವಿನ ಕೈಗೆ ಪುಸ್ತಕ ದಾಟಿಸುವ ಬಗೆ

ನಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ಓದಲು ಕೂರುವುದನ್ನು ಆರಂಭಿಸಿದ ಮೊದಲ ತಿಂಗಳಲ್ಲೇ, ನಾನು ಚಿಕ್ಕಂದಿನಲ್ಲಿ ಮೂರು ಸಲ ಓದಿದ್ದ ದಪ್ಪನೆಯ ಕಾದಂಬರಿಯೊಂದನ್ನು ಐದನೆಯ ತರಗತಿಯ ಹುಡುಗನೊಬ್ಬನಿಗೆ ಬಹಳ ಹುರುಪಿನಿಂದ ಕೊಟ್ಟಿದ್ದೆ. ಮೂರು ವಾರ ಕಳೆದ ಮೇಲೆ ಅವನು ಅದನ್ನು ತಂದು ಮೇಜಿನ ಮೇಲಿಟ್ಟು "ಚೆನ್ನಾಗಿತ್ತು ಸರ್" ಎಂದ. ಕಪಾಟಿಗೆ ಸೇರಿಸುವ ಮುನ್ನ ಪುಟ ತಿರುವಿದಾಗ, ಗುರುತಿಗೆಂದು ಅವನು ಇಟ್ಟುಕೊಂಡಿದ್ದ ಬಸ್ ಟಿಕೆಟ್ ಒಂಬತ್ತನೆಯ ಪುಟದಲ್ಲಿಯೇ ಇತ್ತು. ಹುಡುಗ ಸುಳ್ಳು ಹೇಳಿದನೆಂದು ನನಗೆ ಅನ್ನಿಸಲಿಲ್ಲ, ಹಿರಿಯರ ಮನಸ್ಸು ನೋಯಿಸಬಾರದೆಂಬ ಸೌಜನ್ಯ ಅವನಲ್ಲಿತ್ತು. ತಪ್ಪು ನನ್ನದು: ಆ ಪುಸ್ತಕದ ವಿಷಯವೆಲ್ಲ ನನಗೆ ಗೊತ್ತಿತ್ತು, ಹುಡುಗನ ವಿಷಯ ಏನೂ ಗೊತ್ತಿರಲಿಲ್ಲ.

ಮಕ್ಕಳಿಗೆ ಪುಸ್ತಕ ಸೂಚಿಸುವವರಲ್ಲಿ ಹೆಚ್ಚಿನವರು, ತಂದೆತಾಯಿಯಾಗಲಿ ಶಿಕ್ಷಕರಾಗಲಿ, ಎಡವುವುದು ಇಲ್ಲಿಯೇ. ನಾವು ನಮ್ಮ ಬಾಲ್ಯವನ್ನು ಅವರಿಗೆ ಶಿಫಾರಸು ಮಾಡುತ್ತಿರುತ್ತೇವೆ. ಆ ಅಭ್ಯಾಸವನ್ನು ಬಿಟ್ಟು ಪುಸ್ತಕ ದಾಟಿಸುವುದು ಹೇಗೆಂದು ಕೆಲವು ವರ್ಷಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇಳಬೇಕಾದ ಪ್ರಶ್ನೆ

"ನಿನಗೆ ಎಂತಹ ಪುಸ್ತಕ ಇಷ್ಟ?" ಎಂದು ಕೇಳುವುದರಿಂದ ಏನೂ ಸಿಗುವುದಿಲ್ಲ. ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕಗಳನ್ನು ಕಾಣದ ಮಗುವಿಗೆ ಆ ಪ್ರಶ್ನೆಗೆ ಉತ್ತರವಿರುವುದಿಲ್ಲ, ಇದ್ದರೂ ಅದು ನಮಗೆ ಹಿತವಾಗುವ ಉತ್ತರವೇ ಆಗಿರುತ್ತದೆ. ಅದರ ಬದಲು, ನಿನ್ನೆ ಶಾಲೆ ಬಿಟ್ಟ ಮೇಲೆ ಏನು ಮಾಡಿದೆ, ಮನೆಯಲ್ಲಿ ಯಾರ ಜೊತೆ ಜಗಳವಾಗುತ್ತದೆ, ರಾತ್ರಿ ಯಾವುದಕ್ಕೆ ಹೆದರಿಕೆಯಾಗುತ್ತದೆ ಎಂಬಂಥ ಪ್ರಶ್ನೆಗಳನ್ನು ಮಾತಿನ ನಡುವೆ ಸುಮ್ಮನೆ ಕೇಳಬೇಕು. ಬಸ್ ಟಿಕೆಟಿನ ಹುಡುಗ ಮನೆಯ ಮಾಳಿಗೆಯಲ್ಲಿ ಪಾರಿವಾಳ ಸಾಕುತ್ತಿದ್ದನೆಂದು ನನಗೆ ತಿಳಿದದ್ದು ಹೀಗೆ ಮಾತನಾಡುವಾಗ. ಮುಂದಿನ ವಾರ ಅವನ ಮುಂದೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ'ವನ್ನು ತೆರೆದಿಟ್ಟೆ. ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಕಾದ ಬಲವಂತವಿಲ್ಲ. ಒಂದು ಹಕ್ಕಿಯ ಚಿತ್ರ ನೋಡಿ, ಅದರ ಬಗ್ಗೆ ಬರೆದಿರುವ ಕೆಲವು ಸಾಲು ಓದಿ, ಮತ್ತೊಂದಕ್ಕೆ ಹಾರಬಹುದು. ಅವನು ಅದನ್ನು ಹಿಂದಿರುಗಿಸಲು ತಡಮಾಡಿದ, ಮತ್ತೆ ಕೇಳಿ ಒಯ್ದ.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನದೇ ಪುಸ್ತಕವಿದೆ ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗನಿದ್ದಾನೆ ಎನ್ನುತ್ತದೆ. ಮಕ್ಕಳ ನಡುವೆ ಕೆಲಸ ಮಾಡುವವರು ಎರಡನೆಯ ಸೂತ್ರವನ್ನು ಹಿಡಿದು ಹೊರಡಬೇಕೆಂಬುದು ನನ್ನ ಅಭಿಪ್ರಾಯ. ಪುಸ್ತಕಕ್ಕೆ ಓದುಗನನ್ನು ಹುಡುಕಲು ಹೊರಟರೆ ನಾವು ಬೇಗನೆ ಮಾರಾಟಗಾರರಂತೆ ಮಾತನಾಡತೊಡಗುತ್ತೇವೆ.

ಒತ್ತಕ್ಷರದ ಲೆಕ್ಕ

ಕನ್ನಡದಲ್ಲಿ ಓದುವುದಕ್ಕೆ ಒಂದು ವಿಶೇಷ ಅನುಕೂಲವಿದೆ, ಅದರಲ್ಲಿಯೇ ಒಂದು ಮೋಸವೂ ಅಡಗಿದೆ. ಬರೆದಂತೆಯೇ ಉಚ್ಚರಿಸುವ ಲಿಪಿಯಾದ್ದರಿಂದ ಕಾಗುಣಿತ ಮತ್ತು ಒತ್ತಕ್ಷರಗಳನ್ನು ಚೆನ್ನಾಗಿ ಕಲಿತ ಮೂರನೆಯ ತರಗತಿಯ ಮಗು ಸಂಪಾದಕೀಯವನ್ನು ಬೇಕಾದರೂ ಗಟ್ಟಿಯಾಗಿ ಓದಿಬಿಡುತ್ತದೆ, ಕೇಳುತ್ತಿರುವ ಹಿರಿಯರು ಮಗುವಿಗೆ ಎಲ್ಲವೂ ಅರ್ಥವಾಯಿತೆಂದು ಹಿಗ್ಗುತ್ತಾರೆ. ಆದ್ದರಿಂದ ಪುಸ್ತಕವನ್ನು ಕೊಡುವ ಮುನ್ನ ಅದರ ನಡುವಿನ ಯಾವುದಾದರೊಂದು ಪುಟವನ್ನು ತೆರೆದು ಮಗುವಿನಿಂದ ಓದಿಸಿ, ಬಳಿಕ ಪುಸ್ತಕವನ್ನು ಮುಚ್ಚಿ "ಈಗ ಏನಾಯಿತು?" ಎಂದು ಕೇಳಬೇಕು. ಮೊದಲ ಪುಟ ಈ ಪರೀಕ್ಷೆಗೆ ಸಲ್ಲದು, ಏಕೆಂದರೆ ಮಕ್ಕಳ ಪುಸ್ತಕ ಬರೆಯುವವರು ಮೊದಲ ಪುಟವನ್ನು ಸಾಮಾನ್ಯವಾಗಿ ಸರಳವಾಗಿಟ್ಟು, ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ತಮ್ಮ ಎಂದಿನ ಭಾಷೆಗೆ ಮರಳಿರುತ್ತಾರೆ.

ಓದುವಾಗ ಮಗು ತಡೆದ ಪ್ರತಿ ಪದಕ್ಕೂ ಒಂದೊಂದು ಬೆರಳು ಮಡಚುತ್ತಾ ಹೋಗಿ. ಒಂದು ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಅದು ಸದ್ಯಕ್ಕೆ ಮಗು ಒಂಟಿಯಾಗಿ ಓದುವ ಪುಸ್ತಕವಲ್ಲ, ನೀವು ಜೊತೆಯಲ್ಲಿ ಕುಳಿತು ಓದಬೇಕಾದ ಪುಸ್ತಕ. ತಡೆಯುವ ಪದಗಳು ಯಾವುವೆಂದು ಗಮನಿಸುವುದು ಇನ್ನೂ ಉಪಯುಕ್ತ. 'ವೈಶಿಷ್ಟ್ಯ', 'ಪ್ರಾಮಾಣ್ಯ', 'ದೃಷ್ಟಿಕೋನ' ಎಂಬಂಥ ಪದಗಳು ಸಾಲುಸಾಲಾಗಿ ಬರುವ ಪುಸ್ತಕ ಎಷ್ಟೇ ಬಣ್ಣಬಣ್ಣದ್ದಾಗಿದ್ದರೂ ಅದರ ಬರಹಗಾರರ ಕಣ್ಣ ಮುಂದೆ ಮಗು ಇರಲಿಲ್ಲವೆಂದೇ ತಿಳಿಯಬೇಕು.

ಇನ್ನೊಂದು ತೊಡಕನ್ನು ನಾವು ಸುಲಭವಾಗಿ ಮರೆಯುತ್ತೇವೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಅಥವಾ ಲಂಬಾಣಿ ಮಾತನಾಡುವ ಮಗುವಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ. ಮನೆಮಾತು ಕನ್ನಡವೇ ಆಗಿರುವ ಧಾರವಾಡದ ಮಗುವಿಗೂ ಬೆಂಗಳೂರಿನ ಪುಸ್ತಕದ ಮಾತು ಅರ್ಧ ಪರಕೀಯ. ಮಗು ಕಥೆಯನ್ನು ತನ್ನ ಮಾತಿನಲ್ಲಿ, "ಅಂವ ಹೊಂಟಾನ, ಆಮ್ಯಾಲ ಹುಲಿ ಬಂತ್ರಿ" ಎಂದು ಹೇಳುವಾಗ ಅದನ್ನು ಶುದ್ಧಗೊಳಿಸಲು ಹೋಗಬಾರದು. ಕಥೆ ಅದರ ಒಳಗೆ ಇಳಿದಿದೆಯೆಂಬುದಕ್ಕೆ ಆ ಮಾತೇ ಪುರಾವೆ.

ಬೆನ್ನುಡಿಯಲ್ಲಿ ಅಚ್ಚಾಗಿರುವ ವಯಸ್ಸನ್ನು ಒಂದು ಅಂದಾಜೆಂದು ಮಾತ್ರ ತೆಗೆದುಕೊಳ್ಳಿ, ಮಗುವಿನೆದುರು ಅದನ್ನು ಓದಿ ಹೇಳಬೇಡಿ. ಹತ್ತು ವರ್ಷವಾದರೂ ಅಕ್ಷರ ಕೂಡಿಸಿ ಓದುವ ಹುಡುಗಿಗೆ ಒಂದನೆಯ ತರಗತಿಯ ಚಿತ್ರಪುಸ್ತಕವನ್ನು ಕೊಟ್ಟರೆ ಅವಳಿಗೆ ಅವಮಾನವಾಗುತ್ತದೆ. ಅದೇ ಪುಸ್ತಕವನ್ನು "ನಿನ್ನ ತಮ್ಮನಿಗೆ ಇದನ್ನು ಓದಿ ಹೇಳುತ್ತೀಯಾ?" ಎಂದು ಕೇಳಿ ಕೊಟ್ಟರೆ, ಅವಳು ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಬರುತ್ತಾಳೆ. ನಾನು ಬಳಸಿದ ಉಪಾಯಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಎರಡು ನಿಮಿಷದ ಪರಿಚಯ

ಪುಸ್ತಕವನ್ನು ಪರಿಚಯಿಸುವುದೆಂದರೆ ಕಥೆಯ ಸಾರಾಂಶ ಹೇಳುವುದೆಂದು ಬಹಳ ಜನ ಭಾವಿಸಿದ್ದಾರೆ. ಸಾರಾಂಶ ಕೇಳಿದ ಮಗುವಿಗೆ ಓದಲು ಉಳಿಯುವುದೇನು? 'ಈ ಪುಸ್ತಕ ಓದಿದರೆ ಪ್ರಾಮಾಣಿಕತೆ ಬರುತ್ತದೆ' ಎಂದು ನೀತಿಯನ್ನು ಮುಂಗಡವಾಗಿ ಕೊಟ್ಟುಬಿಡುವುದು ಅದಕ್ಕಿಂತ ಕೆಟ್ಟದ್ದು. ಎರಡು ನಿಮಿಷ ಸಾಕು: ಮುಖಪುಟವನ್ನು ತೋರಿಸಿ, ಕಥೆಯಲ್ಲಿ ಯಾರು ಯಾವ ಇಕ್ಕಟ್ಟಿಗೆ ಸಿಲುಕಿದ್ದಾರೆಂದು ಒಂದು ವಾಕ್ಯದಲ್ಲಿ ಹೇಳಿ, ನೀವು ಮೊದಲೇ ಗುರುತು ಹಾಕಿಕೊಂಡ ಅರ್ಧ ಪುಟವನ್ನು ಗಟ್ಟಿಯಾಗಿ ಓದಿ, ಏನಾದರೂ ಸಂಭವಿಸುವ ಮೊದಲೇ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲಿಟ್ಟು ಬೇರೆ ಮಾತಿಗೆ ಹೊರಳಿ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ 'ಚಂದಮಾಮ'ದ ಬೇತಾಳ ಕಥೆಗಳನ್ನು ಓದಿ ಬೆಳೆದವರಿಗೆ ಈ ತಂತ್ರ ಹೊಸದೇನಲ್ಲ. ಬೇತಾಳ ಸರಿಯಾದ ಜಾಗದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿತ್ತು.

ಗಟ್ಟಿಯಾಗಿ ಓದುವುದಕ್ಕೂ ತಯಾರಿ ಬೇಕು. ಹಿಂದಿನ ರಾತ್ರಿ ಒಮ್ಮೆಯಾದರೂ ಬಾಯಿಬಿಟ್ಟು ಓದಿಕೊಳ್ಳದೆ ಮಕ್ಕಳ ಮುಂದೆ ಕೂರಬಾರದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪಾತ್ರಕ್ಕೆ ಯಾವ ದನಿ ಎಂಬುದು ಆಗ ತಿಳಿಯುತ್ತದೆ. ಚಿತ್ರಪುಸ್ತಕವಾದರೆ ಅದನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿದು, ನೀವು ಪಕ್ಕದಿಂದ ಇಣುಕಿ ಓದಬೇಕು. ಕೈ ನೋಯುತ್ತದೆ, ಆದರೆ ಬೇರೆ ದಾರಿಯಿಲ್ಲ. ಪ್ರತಿ ಕಠಿಣ ಪದಕ್ಕೂ ಅರ್ಥ ಹೇಳುತ್ತಾ ಹೋದರೆ ಕಥೆ ಅಲ್ಲಲ್ಲೇ ಕುಂಟುತ್ತದೆ, ಮಕ್ಕಳು ಗೊತ್ತಿಲ್ಲದ ಪದವನ್ನು ಹಾರಿಸಿಕೊಂಡು ಹೋಗುವುದರಲ್ಲಿ ನಮಗಿಂತ ಜಾಣರು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ನಾನು ಓದಿದ ಒಂದು ಶನಿವಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಪದ್ಯವೊಂದರಿಂದ ಹುಟ್ಟಿ ತುಂಗಾ ತೀರಕ್ಕೆ ಬಂದು ನೆಲೆಸಿದ ಕಥನಕವನ ಅದು. ಇಲಿಗಳ ದಂಡು ಹೊರಡುವ ಭಾಗ ಬಂದಾಗ ಅಣ್ಣಿಲಿ, ತಮ್ಮಿಲಿ ಎಂದು ನಂಟರ ಹೆಸರು ಹಿಡಿದು ಸಾಗುವ ಪಟ್ಟಿಯನ್ನು ನಿಧಾನವಾಗಿ ಆರಂಭಿಸಿ ಬರಬರುತ್ತಾ ವೇಗ ಹೆಚ್ಚಿಸಿದೆ. ಮಕ್ಕಳು ಮೊದಲು ನಕ್ಕರು, ಆಮೇಲೆ ತೊಡೆಯ ಮೇಲೆ ತಾಳ ಹಾಕಿದರು. ನಾನು ಉಸಿರಿಗೆಂದು ನಿಲ್ಲಿಸಿದ ಕ್ಷಣದಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು "ಟೀಚರಿಲಿ!" ಎಂದು ಕೂಗಿದಳು, ಇನ್ನೊಬ್ಬ "ಕಂಡಕ್ಟರಿಲಿ!" ಎಂದ. ಮುಂದಿನ ಹತ್ತು ನಿಮಿಷ ಕವನ ಅಲ್ಲಿಯೇ ನಿಂತಿತು, ನಮ್ಮೂರಿನ ಸಕಲರೂ ಇಲಿಗಳಾಗಿ ಸಾಲು ಹಿಡಿದರು. ಶಿಸ್ತಿನ ದೃಷ್ಟಿಯಿಂದ ಅದು ಗದ್ದಲ, ಆದರೆ ಆ ದಿನ ಎರವಲು ಒಯ್ಯಲು ಒಂದೇ ಪ್ರತಿಗೆ ಆರು ಜನ ಮುಂದೆ ಬಂದರು. ಕೊನೆಯಲ್ಲಿ ಉಳಿದೆಲ್ಲ ಮಕ್ಕಳೂ ಜೋಗಿಯ ಹಿಂದೆ ಹೋಗಿ, ಹಿಂದೆ ಉಳಿದುಬಿಡುವ ಕುಂಟ ಮಗುವಿನ ಭಾಗ ಬಂದಾಗ ಎಲ್ಲರೂ ಸುಮ್ಮನಾದರು. "ಅವನನ್ನು ಯಾಕೆ ಕಾಯಲಿಲ್ಲ?" ಎಂದು ಒಬ್ಬ ಕೇಳಿದ. ಅಂಥ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವ ಚಪಲವನ್ನು ತಡೆದುಕೊಳ್ಳುವುದು ಓದಿ ಹೇಳುವವರು ಕಲಿಯಬೇಕಾದ ಅತ್ಯಂತ ಕಷ್ಟದ ಪಾಠ. "ನಿನಗೇನನ್ನಿಸುತ್ತದೆ?" ಎಂದು ಕೇಳಿ ಸುಮ್ಮನಿದ್ದರೆ ಸಾಕು, ಮಕ್ಕಳು ತಮ್ಮಲ್ಲೇ ವಾದಿಸಿಕೊಳ್ಳುತ್ತಾರೆ.

ಕಪಾಟಿನಲ್ಲಿ ಏನಿರಬೇಕು

ಮೂರರಿಂದ ಆರು ವರ್ಷದವರಿಗೆ ಪದ್ಯವೇ ಮೊದಲ ಪುಸ್ತಕ. ಪಂಜೆ ಮಂಗೇಶರಾಯರು (1874–1937) ಹಾಗೂ ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳಿಗೆ ಇಷ್ಟು ವರ್ಷಗಳ ನಂತರವೂ ವಯಸ್ಸಾಗಿಲ್ಲ. ನೀರಿಗೆ ಬಿದ್ದು ಗಂಟಲು ಕಟ್ಟಿಕೊಳ್ಳುವ ಬಣ್ಣದ ತುತ್ತೂರಿಯನ್ನು ಕೇಳಿ ಇಂದಿನ ಮಗುವೂ ನಗುತ್ತದೆ, ಕಾಸಿಗೆ ಕೊಳ್ಳುವುದೆಂದರೇನೆಂದು ಮಾತ್ರ ಕೇಳುತ್ತದೆ. ಇವನ್ನು ಮೊದಲು ಹಾಡಿ, ಬಾಯಿಪಾಠವಾದ ಮೇಲೆ ಪುಸ್ತಕವನ್ನು ತೋರಿಸಿ. ಬಾಯಲ್ಲಿರುವ ಸಾಲನ್ನು ಪುಟದ ಮೇಲೆ ಬೆರಳಿಟ್ಟು ಗುರುತಿಸುವ ಖುಷಿ ಅಕ್ಷರ ಕಲಿಕೆಗೆ ದೊಡ್ಡ ನೂಕು.

ಏಳರಿಂದ ಹತ್ತು ವರ್ಷದ ನಡುವಿನ ಅವಧಿಯಲ್ಲಿಯೇ ಹೆಚ್ಚು ಮಕ್ಕಳು ಓದಿನಿಂದ ಜಾರಿಹೋಗುತ್ತಾರೆ, ಹೀಗಾಗಿ ಕಪಾಟಿನ ಹೆಚ್ಚಿನ ಜಾಗ ಇವರಿಗೆ ಮೀಸಲಾಗಿರಬೇಕು. ಒಂದೇ ಕೂರಿಕೆಯಲ್ಲಿ ಮುಗಿಸಿ "ಒಂದು ಪುಸ್ತಕ ಓದಿದೆ" ಎಂದು ಹೇಳಿಕೊಳ್ಳುವಂಥ ತೆಳುವಾದ ಪುಸ್ತಕಗಳು ಇವರಿಗೆ ಬೇಕು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯ ಕನ್ನಡ ಪುಸ್ತಕಗಳು, ನವಕರ್ನಾಟಕ ಪ್ರಕಾಶನದ ಮಕ್ಕಳ ಪುಸ್ತಕಗಳು, ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು ಕೈಗೆಟಕುವ ಬೆಲೆಯಲ್ಲಿ ಸಿಗುತ್ತವೆ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಹೊರತಂದ ಭಾರತ ಭಾರತಿ ಮಾಲೆಯ ಅಂಗೈಯಗಲದ ಜೀವನಚರಿತ್ರೆಗಳನ್ನು ಸ್ವಲ್ಪ ದೊಡ್ಡ ಮಕ್ಕಳು ಜೇಬಿಗಿಳಿಸಿಕೊಂಡು ಹೋಗುತ್ತಾರೆ. ಅವುಗಳ ದನಿ ನನಗೆ ಕೆಲವೆಡೆ ತೀರಾ ಆದರ್ಶಮಯವೆನ್ನಿಸಿದರೂ, ಆ ಗಾತ್ರದ ಆಕರ್ಷಣೆಯನ್ನು ಅಲ್ಲಗಳೆಯಲಾರೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನು ಓದುವ ಸಾಮರ್ಥ್ಯಕ್ಕೆ ತಕ್ಕಂತೆ 1ರಿಂದ 4ರವರೆಗೆ ಹಂತಗಳಾಗಿ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿಯಲ್ಲಿರುವುದರಿಂದ ಬರೆದವರ ಹಾಗೂ ಚಿತ್ರ ಬಿಡಿಸಿದವರ ಹೆಸರನ್ನು ಉಳಿಸಿಕೊಂಡು ಅವನ್ನು ಮುದ್ರಿಸಿ ಹಂಚಬಹುದು, ಮನೆಮಾತಿಗೆ ಅನುವಾದಿಸಬಹುದು. ಸಾಧ್ಯವಾದಲ್ಲೆಲ್ಲ ಮುದ್ರಿಸಿ ಕೈಗೆ ಕೊಡಿ, ಏಕೆಂದರೆ ಫೋನು ಮಗುವಿನ ಕೈಗೆ ಹೋದ ಮೇಲೆ ಕಥೆಯ ಪಕ್ಕದಲ್ಲೇ ಆಟವೂ ಕಾದು ಕುಳಿತಿರುತ್ತದೆ.

ಹತ್ತು ದಾಟಿದವರಿಗೆ ಯಾವುದನ್ನು ಕೊಡಬೇಕೆಂದು ತಿಳಿಯದಿದ್ದಾಗ ನಾನು ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಯನ್ನು ನೋಡುತ್ತೇನೆ. 2010ರಲ್ಲಿ ಮೊದಲ ಬಾರಿಗೆ ಕನ್ನಡದ ಪುರಸ್ಕಾರ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ ಬಂತು. ಈಚಿನ ವರ್ಷಗಳಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಇದೇ ಪಟ್ಟಿಗೆ ಸೇರಿವೆ. ಪ್ರಶಸ್ತಿಯ ವಿಷಯವನ್ನು ಮಾತ್ರ ಮಗುವಿಗೆ ಹೇಳಬೇಡಿ, ಅವರ ಕಿವಿಗೆ ಅದು ಪರೀಕ್ಷೆಯ ಸುದ್ದಿಯಂತೆ ಕೇಳಿಸುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿನ ಕಿವಿ ಎಂಬ ನಾಯಿಯ ಪ್ರಸಂಗಗಳನ್ನು ಓದಿ ತೋರಿಸಿದರೆ, ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ. ಕಥೆ ಬೇಡವೆನ್ನುವ ಮಕ್ಕಳೂ ಇದ್ದಾರೆ, ಅವರನ್ನು ಓದುಗರಲ್ಲವೆಂದು ತಳ್ಳಿಹಾಕುವುದು ಅನ್ಯಾಯ. ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಕಟ್ಟಿಕೊಟ್ಟದ್ದು ಇಂಥ, ಜಗತ್ತಿನ ಸಂಗತಿಗಳನ್ನು ತಿಳಿಯಬಯಸುವ ಮಕ್ಕಳಿಗಾಗಿ. ಅದರ ಮಾಹಿತಿ ಈಗ ಹಳತಾಗಿದೆ, ಆದ್ದರಿಂದ ಇಂದಿನ ಮಗುವಿಗೆ ಹೊಸ ವಿಜ್ಞಾನ ಪುಸ್ತಕವನ್ನೇ ಕೊಡಬೇಕು. ನಗೆಹನಿ, ಒಗಟು, ಚಿತ್ರಕಥೆ ಇವೆಲ್ಲವೂ ಓದೇ.

ಹಳೆಯ ಕಥೆಗಳ ಮಲತಾಯಿ, ಕಪ್ಪು ಬಣ್ಣದ ಹೀಗಳಿಕೆ, ಡೊಳ್ಳುಹೊಟ್ಟೆಯವನ ಗೇಲಿ ಎದುರಾದಾಗ ಪುಟವನ್ನು ಹಾರಿಸುವುದಕ್ಕಿಂತ ನಿಂತು ಮಾತನಾಡುವುದು ಮೇಲು. ತರಗತಿಯಲ್ಲಿ ಅದೇ ಗೇಲಿಗೆ ಗುರಿಯಾಗುತ್ತಿರುವ ಮಗುವೊಂದು ಎದುರಿಗಿದ್ದರೆ ಮಾತ್ರ ಆ ಪುಸ್ತಕವನ್ನೇ ಬದಿಗಿಡಿ.

ಮಕ್ಕಳಿಂದ ಮಕ್ಕಳಿಗೆ

ನಾವು ಎಷ್ಟೇ ಚೆನ್ನಾಗಿ ಪರಿಚಯಿಸಿದರೂ, ಪಕ್ಕದ ಬೆಂಚಿನ ಗೆಳತಿ "ಇದನ್ನು ಓದೇ" ಎಂದರೆ ಅದಕ್ಕಿರುವ ಬಲ ನಮ್ಮ ಮಾತಿಗಿಲ್ಲ. ಆದ್ದರಿಂದ ಪ್ರತಿ ಪುಸ್ತಕದ ಹಿಂಬದಿಯ ರಟ್ಟಿನ ಒಳಗೆ ಒಂದು ಬಿಳಿ ಹಾಳೆಯನ್ನು ಅಂಟಿಸಿ, ಓದಿದವರು ಒಂದು ಸಾಲು ಮತ್ತು ಒಂದು ಪುಟಸಂಖ್ಯೆಯನ್ನು ಬರೆಯಬಹುದೆಂದು ಹೇಳಿ. ಬರೆಯಲೇಬೇಕೆಂದು ಹೇಳಬಾರದು, ಕಾಗುಣಿತವನ್ನು ತಿದ್ದಲೂಬಾರದು. ಪಾರಿವಾಳದ ಹುಡುಗ 'ಹಕ್ಕಿಪುಕ್ಕ'ದ ಹಾಳೆಯಲ್ಲಿ ಬರೆದದ್ದು ಹೀಗಿದೆ: "ಮೊದಲಿಂದ ಓದಬೇಡಿ. ನಿಮ್ಮ ಮನೆ ಹತ್ರ ಬರೋ ಹಕ್ಕಿ ಹುಡುಕಿ." ಅದಕ್ಕಿಂತ ಒಳ್ಳೆಯ ಪರಿಚಯವನ್ನು ನಾನು ಬರೆಯಲಾರೆ. "ಬೇಜಾರು, 12ನೇ ಪುಟದ ನಂತರ ಬಿಟ್ಟೆ" ಎಂಬ ಸಾಲನ್ನೂ ಹಾಗೆಯೇ ಉಳಿಸಬೇಕು. ಬೇಡವೆನ್ನಲು ಅವಕಾಶವಿರುವ ಕಡೆ ಮಾತ್ರ ಮಕ್ಕಳು ಬೇಕೆಂದದ್ದನ್ನು ನಂಬಬಹುದು.

ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಓದಿದ ಪ್ರತಿ ಪುಸ್ತಕಕ್ಕೂ ಒಂದು ಪುಟದ ಸಾರಾಂಶ ಬರೆದು ಸಹಿ ಹಾಕಿಸಬೇಕೆಂಬ ನಿಯಮವಿತ್ತು. ಮಕ್ಕಳು ಕ್ರಮೇಣ ಅತ್ಯಂತ ತೆಳುವಾದ ಪುಸ್ತಕಗಳನ್ನೇ ಆರಿಸತೊಡಗಿದರು, ಬಳಿಕ ಒಬ್ಬರ ಸಾರಾಂಶವನ್ನು ಇನ್ನೊಬ್ಬರು ನಕಲು ಮಾಡಿದರು. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯದಿಂದ ಒಳ್ಳೆಯ ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲೇ ಇದ್ದವು. ಹರಿಯುವುದು, ಕಳೆಯುವುದು, ಸಾಂಬಾರಿನ ಕಲೆಯಾಗುವುದು ಎರವಲು ಕೊಡುವ ಪುಸ್ತಕದ ಸಹಜ ಆಯಸ್ಸೆಂದು ಮೊದಲೇ ಒಪ್ಪಿಕೊಂಡುಬಿಡಿ. ಹರಿದದ್ದನ್ನು ಮಕ್ಕಳಿಂದಲೇ ಅಂಟಿಸಿರಿ. ಕಂದು ಕಾಗದದ ಹೊದಿಕೆಯನ್ನಂತೂ ಹಾಕಲೇಬೇಡಿ, ಮುಖಪುಟ ಕಾಣದ ಪುಸ್ತಕ ಮಗುವಿನ ಪಾಲಿಗೆ ಇಲ್ಲದ ಪುಸ್ತಕ. ನಾವು ಗೋಡೆಯುದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತೆಳುವಾದ ಪುಸ್ತಕಗಳನ್ನು ಮುಖಪುಟ ಕಾಣುವಂತೆ ತೂಗುಹಾಕಿದ್ದೇವೆ. ಬೆನ್ನು ತೋರಿಸಿ ಕಪಾಟಿನಲ್ಲಿದ್ದಾಗ ಯಾರೂ ಮುಟ್ಟದವು ಈಗ ಮೊದಲು ಖಾಲಿಯಾಗುತ್ತವೆ.

ಜಾಗಕ್ಕಾಗಿ ಹೊಸದೇನನ್ನೂ ಕಟ್ಟಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ಮಕ್ಕಳ ದಿನದಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅರಿವು ಕೇಂದ್ರಗಳೆಂದು ಕರೆಯುವ ಈ ಗ್ರಂಥಾಲಯಗಳ ಮೇಲ್ವಿಚಾರಕರನ್ನು ಭೇಟಿಯಾಗಿ ವಾರಕ್ಕೊಂದು ಗಂಟೆ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಇರುವವರಿಗೆ ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವಿದೆ.

ಹೊರದೇಶದಲ್ಲಿ ಬೆಳೆಯುತ್ತಿರುವ, ಕನ್ನಡ ಮಾತನಾಡಬಲ್ಲ ಆದರೆ ಓದಲಾರದ ಮಕ್ಕಳಿಗೆ ನನ್ನ ಪರಿಚಯದ ಒಂದು ಕುಟುಂಬ ಕಂಡುಕೊಂಡ ದಾರಿ ಚೆನ್ನಾಗಿದೆ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಹುಬ್ಬಳ್ಳಿಯ ಅಜ್ಜಿಗೂ ಇನ್ನೊಂದನ್ನು ಅಮೆರಿಕದ ಮೊಮ್ಮಗನಿಗೂ ಕೊಟ್ಟಿದ್ದಾರೆ. ಭಾನುವಾರ ಅಜ್ಜಿ ವಿಡಿಯೊ ಕರೆಯಲ್ಲಿ ಓದುತ್ತಾರೆ, ಮಗು ತನ್ನ ಪ್ರತಿಯಲ್ಲಿ ಪುಟ ತಿರುವುತ್ತದೆ. ಅಜ್ಜಿ ಬೇಕೆಂದೇ ಒಂದು ಪುಟ ಹಾರಿಸಿದರೆ ಮಗು ಹಿಡಿದುಬಿಡುತ್ತದೆ.

ಹದಿಮೂರು ತುಂಬಿದ ಮೇಲೆ ನಾವು ಕೊಟ್ಟದ್ದನ್ನೆಲ್ಲ ಅವರು ನಿರಾಕರಿಸುವ ಕಾಲ ಬರುತ್ತದೆ. ಆಗ ಪುಸ್ತಕವನ್ನು ಕೈಗೆ ಕೊಡದೆ, ಅವರು ಕೂರುವ ಜಾಗದಲ್ಲಿ ಮರೆತವರಂತೆ ಬಿಟ್ಟುಹೋಗಬೇಕು, ವಿಚಾರಿಸಬಾರದು. ಅವರು ತಾವಾಗಿ ಏನನ್ನಾದರೂ ಸೂಚಿಸಿದರೆ ಅದನ್ನು ಓದಲೇಬೇಕು. ಟೀಚರಿಲಿ ಎಂದು ಕೂಗಿದ್ದ ಹುಡುಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಕಳೆದ ತಿಂಗಳು ನನಗೆ ಅವಳು ದಪ್ಪನೆಯ ಪತ್ತೇದಾರಿ ಕಾದಂಬರಿಯೊಂದನ್ನು ಓದಲು ಕೊಟ್ಟಳು. ನಾನಿನ್ನೂ ನಲವತ್ತನೆಯ ಪುಟದಲ್ಲಿದ್ದೇನೆ. ಅವಳು ಈಗಾಗಲೇ ಎರಡು ಸಲ ಕೇಳಿದ್ದಾಳೆ.